ನರಕೋಶದ ಎಂಆರ್‌ಎನ್‌ಎ: ಸಂದೇಶ ಸಿನಾಪ್ಸ್‌ವರೆಗೆ ಹೋಗುವುದೇಕೆ?

ಒಂದು ನರಕೋಶಕ್ಕೆ ಸಾವಿರಾರು ಸಿನಾಪ್ಸ್‌ಗಳು (ಬೇರೆ ನರಕೋಶಗಳೊಂದಿಗಿನ ಸಂಪರ್ಕಬಿಂದುಗಳು), ಜೀನ್‌ಗಳಿರುವ ಕೋಶಕೇಂದ್ರ ಮಾತ್ರ ಒಂದೇ. ಏನನ್ನಾದರೂ ಕಲಿತಾಗ ಗಟ್ಟಿಯಾಗಬೇಕಾದದ್ದು ಅವುಗಳಲ್ಲಿ ಕೆಲವು ಸಿನಾಪ್ಸ್‌ಗಳಷ್ಟೇ. ಮೊದಲ ಒಂದೆರಡು ಗಂಟೆ, ಅಲ್ಲಿ ಆಗಲೇ ಇರುವ ಪ್ರೋಟೀನ್‌ಗಳನ್ನೇ ಮಾರ್ಪಡಿಸಿಕೊಂಡು ನಿಭಾಯಿಸಬಹುದು. ಆಮೇಲೂ ಬಲ ಉಳಿಯಬೇಕಾದರೆ ಹೊಸ ಪ್ರೋಟೀನ್ ಬೇಕು, ಅದೂ ಸರಿಯಾದ ಸಿನಾಪ್ಸ್‌ನಲ್ಲಿ. ಅದಕ್ಕೇ ನರಕೋಶ ಕೆಲವು ಎಂಆರ್‌ಎನ್‌ಎಗಳನ್ನು (ಪ್ರೋಟೀನ್ ತಯಾರಿಸಲು ಜೀನ್‌ನಿಂದ ನಕಲಾದ ಸಂದೇಶಗಳನ್ನು) ಮೊದಲೇ ಡೆಂಡ್ರೈಟ್‌ಗೆ, ಅಂದರೆ ಸಂಕೇತ ಪಡೆಯುವ ತನ್ನ ಕವಲುಗಳಿಗೆ, ಸಾಗಿಸಿ ಇಟ್ಟಿರುತ್ತದೆ. ಸಿನಾಪ್ಸ್ ಕೂರುವ ಡೆಂಡ್ರೈಟ್ ಮುಳ್ಳುಗಳ ಬುಡದಲ್ಲೇ ರೈಬೋಸೋಮ್ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ಯಂತ್ರ) ಗೊಂಚಲುಗಳಿವೆ ಎಂದು ವಿಜ್ಞಾನಿಗಳಾದ ಸ್ಟೀವರ್ಡ್ ಮತ್ತು ಲೆವಿ 1982ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು.

ಎಂಆರ್‌ಎನ್‌ಎ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಬರೆದಿರುವುದು ಸಾಮಾನ್ಯವಾಗಿ 3′ ಯುಟಿಆರ್‌ನಲ್ಲಿ, ಅಂದರೆ ಪ್ರೋಟೀನ್ ಸಂಕೇತ ಮುಗಿದ ಮೇಲಿನ ಭಾಗದಲ್ಲಿ. ಪಾಠ ಓದುವಾಗ ನಾವು ಹಾರಿಸಿಬಿಡುವುದೂ ಇದನ್ನೇ! ಕೋಶದ ಒಳಚೌಕಟ್ಟಿನ ಪ್ರೋಟೀನ್ ಬೀಟಾ-ಆಕ್ಟಿನ್‌ನ ವಿಳಾಸ ಬರೀ 54 ನ್ಯೂಕ್ಲಿಯೋಟೈಡ್ (ಎಂಆರ್‌ಎನ್‌ಎಯ ಅಕ್ಷರ) ಉದ್ದ. ಅದನ್ನು ಗುರುತಿಸುವ ಪ್ರೋಟೀನ್‌ಗಳು ಎಂಆರ್‌ಎನ್‌ಎಯನ್ನು ಹಿಡಿದು ಕಣಗಳಾಗಿ ಕೂಡಿಕೊಳ್ಳುತ್ತವೆ; ಕೈನೆಸಿನ್ ಎಂಬ ಸಾಗಣೆ ಪ್ರೋಟೀನ್ ಆ ಕಣಗಳನ್ನು ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಗಳ ಗುಂಟ ಎಳೆದೊಯ್ಯುತ್ತದೆ.

ದಾರಿಯುದ್ದಕ್ಕೂ ಎಂಆರ್‌ಎನ್‌ಎ ಬಾಯಿ ಮುಚ್ಚಿಕೊಂಡಿರಬೇಕು, ಅಂದರೆ ಅದರಿಂದ ಪ್ರೋಟೀನ್ ತಯಾರಾಗಬಾರದು. ಸಿನಾಪ್ಸ್ ಬಲಗೊಳ್ಳಲು ಬೇಕಾದ ಕಿಣ್ವ ಕ್ಯಾಮ್‌ಕೆ-2 ಆಲ್ಫಾದ ಎಂಆರ್‌ಎನ್‌ಎಗೆ ಸಿಪಿಇಬಿ ಎಂಬ ಪ್ರೋಟೀನ್ ಅಂಟಿಕೊಂಡು, ಆ ಎಂಆರ್‌ಎನ್‌ಎಯ ಪಾಲಿ-ಎ ಬಾಲ (ತುದಿಯಲ್ಲಿ ಸಾಲಾಗಿರುವ ಎ ಅಕ್ಷರಗಳು) ಮೋಟಾಗಿದ್ದಾಗ ರೈಬೋಸೋಮ್ ಅದನ್ನು ಹೆಚ್ಚು ಓದುವುದಿಲ್ಲ. ಸಿನಾಪ್ಸ್‌ಗೆ ಗ್ಲುಟಮೇಟ್ ಎಂಬ ಸಂಕೇತ ರಾಸಾಯನಿಕ ಬಂದು, ಅದನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕ ತೆರೆದಾಗ ಸಿಪಿಇಬಿಗೆ ಫಾಸ್ಫೇಟ್ ಸೇರುತ್ತದೆ, ಬಾಲ ಉದ್ದವಾಗುತ್ತದೆ, ಪ್ರೋಟೀನ್ ತಯಾರಿ ಶುರುವಾಗುತ್ತದೆ.

ಈ ಕಡಿವಾಣ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆ ಉದಾಹರಣೆ. ಎಫ್‌ಎಂಆರ್1 ಜೀನ್‌ನಲ್ಲಿ ಸಿಜಿಜಿ ಎಂಬ ಮೂರಕ್ಷರದ ಪುನರಾವರ್ತನೆ 200 ದಾಟಿದರೆ ಜೀನ್ ಸಾಮಾನ್ಯವಾಗಿ ಸ್ತಬ್ಧವಾಗುತ್ತದೆ. ಆ ಜೀನ್‌ನಿಂದ ತಯಾರಾಗುವ, ಇನ್ನೊಂದು ಕಡಿವಾಣವಾದ ಎಫ್‌ಎಂಆರ್‌ಪಿ ಪ್ರೋಟೀನ್ ಆಗ ಇರುವುದಿಲ್ಲ. ಸಂಕೇತ ಬರದಿದ್ದರೂ ಪ್ರೋಟೀನ್ ತಯಾರಾಗುತ್ತಿರುತ್ತದೆ. ಪ್ರೋಟೀನ್ ಹೆಚ್ಚಾದರೂ ಕಲಿಕೆ ಕುಂಠಿತವಾಗುತ್ತದೆ.

ಪರೀಕ್ಷೆಯಲ್ಲಿ ಇದರ ಬಗ್ಗೆ ಉತ್ತರ ಬರೆಯುವಾಗ ಬಹಳ ಜನ ಎಡವುವ ಜಾಗ ಒಂದಿದೆ. "ಅನಿಸೊಮೈಸಿನ್ ಕೊಟ್ಟರೆ ದೀರ್ಘಕಾಲದ ನೆನಪು ಉಳಿಯುವುದಿಲ್ಲ, ಆದ್ದರಿಂದ ಪ್ರೋಟೀನ್ ಡೆಂಡ್ರೈಟ್‌ನಲ್ಲೇ ತಯಾರಾಗುತ್ತದೆ" ಎಂದು ಬರೆದರೆ ತರ್ಕ ತಪ್ಪು. ಅನಿಸೊಮೈಸಿನ್ ಎಂಬ ಆ ಔಷಧ ಇಡೀ ಕೋಶದಲ್ಲಿ ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತದೆ, ಜಾಗದ ಬಗ್ಗೆ ಏನೂ ಹೇಳುವುದಿಲ್ಲ. ಜಾಗ ತೋರಿಸಲು ಬೇರೆ ಪ್ರಯೋಗ ಬೇಕು. 1996ರಲ್ಲಿ ವಿಜ್ಞಾನಿಗಳಾದ ಕ್ಯಾಂಗ್ ಮತ್ತು ಶೂಮನ್ ಹಿಪ್ಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ತುಣುಕಿನಲ್ಲಿ ಡೆಂಡ್ರೈಟ್ ಪದರವನ್ನು ಕೋಶಕಾಯಗಳಿಂದ ಕತ್ತರಿಸಿ ಬೇರ್ಪಡಿಸಿದರು. ಆದರೂ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಪ್ರೋಟೀನ್ ಕೊಟ್ಟಾಗ ಸಿನಾಪ್ಸ್ ಬಲಗೊಂಡಿತು. ಪ್ರೋಟೀನ್ ತಯಾರಿ ತಡೆದಾಗ ಆ ಬಲ ಬರಲಿಲ್ಲ. 2002ರ ಇಲಿ ಪ್ರಯೋಗ ಇನ್ನೊಂದು ಕಡೆಯಿಂದ ಬರುತ್ತದೆ: ಕ್ಯಾಮ್‌ಕೆ-2 ಆಲ್ಫಾದ 3′ ಯುಟಿಆರ್ ಬದಲಾಯಿಸಿದಾಗ ಎಂಆರ್‌ಎನ್‌ಎ ಕೋಶಕಾಯದಲ್ಲೇ ಉಳಿಯಿತು, ಇಲಿಗಳ ಸ್ಥಳದ ನೆನಪು ಕುಂದಿತು.