ಔಷಧ ಪಾಸಾದ್ರೂ ಷೇರು ಯಾಕ ಬಿತ್ತು?

ಪ್ರಶ್ನೆ: "ಸರ, ಅಮೆರಿಕದ ಒಂದು ಬಯೋಟೆಕ್ ಕಂಪನಿ ಷೇರು ಮೊಬೈಲ್ ಆ್ಯಪ್‌ನಾಗ ತಗೊಂಡೀನಿ. ಕ್ಯಾನ್ಸರಿಗೆ ಹೊಸ ಚಿಕಿತ್ಸೆ ಕಂಡುಹಿಡಿದಾರ. ಟ್ರಯಲ್ ರಿಸಲ್ಟ್ ಚಲೋ ಬಂತು ಅಂತ ಸುದ್ದಿ ಬಂದ ದಿನಾನ ಷೇರು ಅರ್ಧಕ್ಕರ್ಧ ಬಿತ್ತು. ಔಷಧ ಕೆಲಸ ಮಾಡತೈತಿ ಅಂದ ಮ್ಯಾಲೆ ಷೇರು ಏರಬೇಕಲ್ರೀ? ಇದರಾಗ ಏನೋ ಮೋಸ ಐತಿ ಅನಸತೈತಿ. ಇಟ್ಕೊಳ್ಳೋದೋ, ಮಾರೋದೋ?"
(ರಾಣೆಬೆನ್ನೂರಿನ ಓದುಗರೊಬ್ಬರು)

ಉತ್ತರ: ಕಂಪನಿಯ ಹೆಸರು ಪ್ರತಿ ಸಲ ಬೇರೆ, ಪ್ರಶ್ನೆ ಮಾತ್ರ ಅದೇ. ಗದಗಿನಿಂದ ಬಂದಿದೆ, ಸವಣೂರಿನಿಂದ ಬಂದಿದೆ. ಹೋದ ವಾರ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಎಣ್ಣೆಗೈಯಲ್ಲೇ ಮೊಬೈಲ್ ತೆಗೆದು ಮುಂದೆ ಹಿಡಿದ. ಪರದೆ ತುಂಬ ಒಂದು ಕೆಂಪು ಗೆರೆ, ಬಾವಿಗೆ ಬಿದ್ದ ಕೊಡದ ಹಾಗೆ ನೇರ ಕೆಳಗೆ. "ಇದಕ್ಕೇನಂತೀರಿ ಸರ?" ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಉತ್ತರ ಹೇಳಿದೆ. ಅವನಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಮೊದಲು ಒಂದು ಮಾತು. ಇಟ್ಟುಕೊಳ್ಳುವುದೋ ಮಾರುವುದೋ ಅಂತ ನಾನು ಹೇಳುವುದಿಲ್ಲ. ನಾನು ಷೇರುಪೇಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಣಿ ಮಾಡಿಸಿದ ಸಲಹೆಗಾರನಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ ಮಾಸ್ತರ. ಆದರೆ "ಔಷಧ ಕೆಲಸ ಮಾಡಿದರೆ ಷೇರು ಏರಲೇಬೇಕು, ಏರದಿದ್ದರೆ ಯಾರೋ ದೊಡ್ಡವರು ಬೇಕಂತಲೇ ಬೀಳಿಸಿದ್ದಾರೆ" ಅನ್ನುತ್ತೀರಲ್ಲ, ಅದನ್ನು ಮಾತ್ರ ಸುಮ್ನೆ ಬಿಡಲು ನನ್ನಿಂದ ಆಗುವುದಿಲ್ಲ. ಹೊಲದಲ್ಲಿ ಕರಿಕೆ ಇದ್ದ ಹಾಗೆ ಇದು. ಮೇಲೆ ಕಿತ್ತರೆ ಒಳಗಿಂದ ಮತ್ತೆ ಬರುತ್ತದೆ.

ಅಮೆರಿಕದ ಸಿಯಾಟಲ್‌ನಲ್ಲಿ ಡೆಂಡ್ರಿಯಾನ್ ಅಂತ ಒಂದು ಕಂಪನಿ ಇತ್ತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಪ್ರೊವೆಂಜ್ ಅನ್ನುವ ಚಿಕಿತ್ಸೆ ತಯಾರು ಮಾಡಿತ್ತು. ಇದು ಗುಳಿಗೆಯಲ್ಲ. ರೋಗಿಯ ರಕ್ತದಿಂದ ಕೆಲವು ಬಿಳಿ ರಕ್ತಕಣಗಳನ್ನು ತೆಗೆಯಬೇಕು, ಫ್ಯಾಕ್ಟರಿಗೆ ಕಳಿಸಬೇಕು. ಅಲ್ಲಿ ಅವುಗಳಿಗೆ ಕ್ಯಾನ್ಸರಿನ ಗುರುತು ಕಲಿಸಿ ವಾಪಸ್ ತಂದು ಅದೇ ರೋಗಿಗೆ ಏರಿಸಬೇಕು. ಹೀಗೆ ಮೂರು ಸಲ. ಒಬ್ಬರ ರಕ್ತಕಣದ ಚೀಲ ಇನ್ನೊಬ್ಬರಿಗೆ ನಡೆಯುವುದಿಲ್ಲ.

2007ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಕರೆದ ತಜ್ಞರ ಸಮಿತಿ ಇದಕ್ಕೆ ಮತ ಹಾಕಿತು. ಸುರಕ್ಷಿತವೇ ಅಂದರೆ 17 ಜನರೂ ಹೌದು ಅಂದರು. ಪರಿಣಾಮಕ್ಕೆ ಗಟ್ಟಿ ಸಾಕ್ಷಿ ಇದೆಯೇ ಅಂದರೆ 13 ಜನ ಹೌದು, 4 ಜನ ಇಲ್ಲ. ಕೆಲವೇ ದಿನಗಳಲ್ಲಿ ಷೇರು ಮೂರು ಪಟ್ಟು. ಆದರೆ ಮೇ 9ಕ್ಕೆ ಎಫ್‌ಡಿಎ "ಇನ್ನಷ್ಟು ಪುರಾವೆ ತನ್ನಿ" ಅಂದಿತು. ಷೇರು ಧಡಕ್ಕನೆ ಬಿತ್ತು. ಹೂಡಿಕೆದಾರರು ಸಿಟ್ಟಿಗೆದ್ದರು. ವಿರೋಧಿಸಿದ ವೈದ್ಯರು ಪ್ರತಿಸ್ಪರ್ಧಿ ಕಂಪನಿಗಳ ಕಡೆಯವರು, ಷೇರು ಬಿದ್ದರೆ ದುಡ್ಡು ಮಾಡುವ ಶಾರ್ಟ್ ಸೆಲ್ಲರ್‌ಗಳ ಕೈವಾಡ ಇದೆ ಅಂತ ಗಲಾಟೆ ಎದ್ದಿತು. ಬೆದರಿಕೆಗಳು ಎಷ್ಟು ಬಂದವೆಂದರೆ, ಆ ವರ್ಷ ಶಿಕಾಗೋದ ಕ್ಯಾನ್ಸರ್ ಸಮ್ಮೇಳನಕ್ಕೆ ಆ ವೈದ್ಯರಲ್ಲಿ ಕೆಲವರು ಕಾವಲಿನವರನ್ನು ಜೊತೆಗಿಟ್ಟುಕೊಂಡು ಬರಬೇಕಾಯಿತು. ರಾಣೆಬೆನ್ನೂರಿನವರೇ, ನಿಮ್ಮ "ಏನೋ ಮೋಸ ಐತಿ" ಅನ್ನೋದು ಹೊಸ ಮಾತೇನಲ್ಲ, ನೋಡಿದಿರಾ?

ಆಮೇಲೆ ಏನಾಯ್ತು? ದೊಡ್ಡ ಟ್ರಯಲ್, ಅಂದರೆ ರೋಗಿಗಳ ಮೇಲೆ ಮಾಡುವ ಪರೀಕ್ಷೆ, ಮುಗಿಯಿತು. 512 ರೋಗಿಗಳು. ಚಿಕಿತ್ಸೆ ಪಡೆದವರ ಮಧ್ಯಾಂಕ ಆಯುಷ್ಯ 25.8 ತಿಂಗಳು, ಪಡೆಯದವರದು 21.7 ತಿಂಗಳು. ಈ ಮಧ್ಯಾಂಕ ಅಂದರೇನು ಅಂತ ದಯವಿಟ್ಟು ತಿಳಿದುಕೊಳ್ಳಿ, ಇದರಲ್ಲಿ ಎಲ್ಲರೂ ಎಡವುತ್ತಾರೆ. ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತೇವಲ್ಲ, ಹಾಗೆ ರೋಗಿಗಳನ್ನು ಬದುಕಿದ ದಿನಗಳ ಪ್ರಕಾರ ಸಾಲು ನಿಲ್ಲಿಸಿ ನಟ್ಟನಡುವೆ ಇರುವವನ ಲೆಕ್ಕ ತೆಗೆಯುವುದು. ಎಲ್ಲರಿಗೂ ನಾಲ್ಕು ತಿಂಗಳು ಜಾಸ್ತಿ ಸಿಕ್ಕಿತು ಅಂತ ಅರ್ಥವಲ್ಲ. ಈ ಪಾಠ ಅರ್ಥವಾದ ನನ್ನ ವಿದ್ಯಾರ್ಥಿಗಳು ಇವತ್ತು ಡಾಕ್ಟರಾಗಿದ್ದಾರೆ. ಅರ್ಥವಾಗದವರು ಮೊಬೈಲ್ ಹಿಡಿದುಕೊಂಡು ಗಿರ್ಮಿಟ್ ಗಾಡಿಗೆ ಬರುತ್ತಾರೆ.

ಇರಲಿ. 2010ರ ಏಪ್ರಿಲ್ 29ರಂದು ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಷೇರು 50 ಡಾಲರ್ ದಾಟಿತು. ಔಷಧ ಪಾಸಾಯ್ತು, ನಂಬಿದವರು ಗೆದ್ದರು, ಕಥೆ ಮುಗಿಯಿತು ಅಲ್ವಾ?

ಮುಗಿಯಲಿಲ್ಲ. ಒಬ್ಬ ರೋಗಿಗೆ ಪೂರ್ತಿ ಚಿಕಿತ್ಸೆಯ ಬೆಲೆ 93,000 ಡಾಲರ್. ವೈದ್ಯರು ಮೊದಲು ತಮ್ಮ ಕೈಯಿಂದ ಅಷ್ಟು ಹಣ ಹಾಕಿ ಔಷಧ ತರಿಸಬೇಕು, ಆಮೇಲೆ ವಿಮೆಯವರ ದಾರಿ ಕಾಯಬೇಕು. ಯಾರು ಹಾಕುತ್ತಾರೆ? ಇನ್ನೊಂದು ತೊಂದರೆ ಔಷಧದ ಗುಣದಲ್ಲೇ ಇತ್ತು. ಇದರಿಂದ ಆಯುಷ್ಯ ಹೆಚ್ಚುತ್ತಿತ್ತು, ಗಡ್ಡೆ ಮಾತ್ರ ಕಣ್ಣಿಗೆ ಕಾಣುವಷ್ಟು ಕುಗ್ಗುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲೂ ದೊಡ್ಡ ಫರಕು ಕಾಣುತ್ತಿರಲಿಲ್ಲ. ಎದುರಿಗೆ ಕೂತ ರೋಗಿಗೆ ಔಷಧ ಹತ್ತಿದೆಯೋ ಇಲ್ಲವೋ ವೈದ್ಯರಿಗೇ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ 2011ರ ಏಪ್ರಿಲ್‌ನಲ್ಲಿ ಅದೇ ಕ್ಯಾನ್ಸರಿಗೆ ಅಬಿರಾಟೆರೋನ್ ಅನ್ನುವ ಗುಳಿಗೆ ಬಂತು. ನೀರಿನ ಜೊತೆ ನುಂಗಿದರೆ ಮುಗೀತು. ಇತ್ತ ಕಂಪನಿ ಮೂರು ಫ್ಯಾಕ್ಟರಿ ಮಾಡಿಕೊಂಡು, 62 ಕೋಟಿ ಡಾಲರ್ ಸಾಲ ಎತ್ತಿ ಕೂತಿತ್ತು.

2011ರ ಆಗಸ್ಟ್‌ನಲ್ಲಿ "ಈ ವರ್ಷ 35ರಿಂದ 40 ಕೋಟಿ ಡಾಲರ್ ಮಾರಾಟ ಆಗುತ್ತೆ ಅಂದಿದ್ದೆವು, ಆಗುವುದಿಲ್ಲ" ಅಂತ ಕಂಪನಿಯೇ ಒಪ್ಪಿಕೊಂಡಿತು. ಒಂದೇ ದಿನದಲ್ಲಿ ಷೇರಿನ ಮೂರರಲ್ಲಿ ಎರಡು ಪಾಲು ಹೋಯಿತು. 2014ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ. ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಔಷಧ ಬೇರೆಯವರ ಕೈಗೆ ಹೋಯಿತು, ರೋಗಿಗಳಿಗೆ ಆಮೇಲೂ ಸಿಗುತ್ತಲೇ ಇತ್ತು.

ಈಗ ಹೇಳಿ, ಇಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ಔಷಧ ಕೆಲಸ ಮಾಡಿತು. ಸರ್ಕಾರ ಒಪ್ಪಿತು. ಆದರೂ ಹಣ ಹೋಯಿತು. ಔಷಧ ರೋಗಿಗೆ ಹತ್ತುವುದು ಒಂದು, ಕಂಪನಿಗೆ ಅದರಿಂದ ಲಾಭ ಆಗುವುದು ಇನ್ನೊಂದು, ನೀವು ಕೊಟ್ಟ ಬೆಲೆಗಿಂತ ಷೇರು ಮೇಲೆ ಹೋಗುವುದು ಮತ್ತೊಂದು. ಮೂರನ್ನೂ ಒಂದೇ ಗಾಡಿಗೆ ಕಟ್ಟಬೇಡಿ.

ಇದನ್ನು ಬ್ಯಾಡಗಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ವರ್ಷ ಮೆಣಸಿನಕಾಯಿ ಬೆಳೆ ಕಡಿಮೆ ಅಂತ ಸುದ್ದಿ ಹಬ್ಬುತ್ತದೆ. ವ್ಯಾಪಾರಿಗಳು ಮೊದಲೇ ಖರೀದಿ ಮಾಡಿ ಕೋಲ್ಡ್ ಸ್ಟೋರೇಜಿಗೆ ತುಂಬುತ್ತಾರೆ, ದರ ಏರುತ್ತದೆ. ಆಮೇಲೆ ಮಾಲು ನಿಜವಾಗಿಯೂ ಕಡಿಮೆಯೇ ಬರುತ್ತದೆ. ಆದರೂ ದರ ಇಳಿಯುತ್ತದೆ. ಯಾಕೆ? ಅಂದುಕೊಂಡಷ್ಟು ಕಡಿಮೆ ಬರಲಿಲ್ಲ. ನಿಮ್ಮ ಕಂಪನಿಯ ರಿಸಲ್ಟ್ "ಚಲೋ" ಬಂದಿರಬಹುದು. ಅದಕ್ಕಿಂತ ಚಲೋ ಬರುತ್ತದೆ ಅಂತ ಮೊದಲೇ ಹಣ ಹಾಕಿದವರು ಇದ್ದರಲ್ಲ, ಅವರು ಮಾರಿದರು, ಅಷ್ಟೇ.

ಒಳ್ಳೆಯ ಸುದ್ದಿಯ ದಿನವೇ ಬೀಳಲು ಇನ್ನೊಂದು ಸಾಮಾನ್ಯ ಕಾರಣವೂ ಇದೆ. ಇಂಥ ಕಂಪನಿಗಳ ಹತ್ತಿರ ಮಾರಲು ಇನ್ನೂ ಏನೂ ಇರುವುದಿಲ್ಲ. ಸಂಬಳ, ಟ್ರಯಲ್ ಖರ್ಚು ಎಲ್ಲ ಹೊಸ ಷೇರು ಮಾರಿಯೇ ನಡೆಯಬೇಕು. ಸುದ್ದಿ ಚೆನ್ನಾಗಿದ್ದಾಗಲೇ ಮಾರಿಕೊಳ್ಳುವುದು ಜಾಣತನ. ರೊಟ್ಟಿ ಅಷ್ಟೇ ಇರುತ್ತದೆ, ಪಂಕ್ತಿಗೆ ಮಂದಿ ಜಾಸ್ತಿ ಕೂರುತ್ತಾರೆ, ಹಳಬರ ಪಾಲು ಸಣ್ಣದಾಗುತ್ತದೆ.

ಹಾಗಂತ ಮೋಸವೇ ಇಲ್ಲ ಅಂತಲ್ಲ. 2001ರಲ್ಲಿ ಇಮ್‌ಕ್ಲೋನ್ ಕಂಪನಿಯ ಎರ್ಬಿಟಕ್ಸ್ ಅನ್ನುವ ಔಷಧದ ಅರ್ಜಿಯನ್ನು ಎಫ್‌ಡಿಎ ಸ್ವೀಕರಿಸುವುದಿಲ್ಲ ಅಂತ ಕಂಪನಿಯ ಮುಖ್ಯಸ್ಥನಿಗೆ ಮೊದಲೇ ಸುಳಿವು ಸಿಕ್ಕಿತ್ತು. ಅವನ ಮನೆಯವರು ಷೇರು ಮಾರಿದರು. ಅವನಿಗೆ 7 ವರ್ಷ ಜೈಲು ಶಿಕ್ಷೆ ಆಯಿತು. ಮಜಾ ನೋಡಿ, ಅದೇ ಔಷಧ 2004ರಲ್ಲಿ ಪಾಸಾಯಿತು. 2008ರಲ್ಲಿ ಎಲೈ ಲಿಲ್ಲಿ ಆ ಕಂಪನಿಯನ್ನು 650 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಂದರೆ ಮೋಸ ಆದ ಕಡೆ ಔಷಧ ಒಳ್ಳೆಯದೇ ಆಗಿತ್ತು, ಕಾದವರಿಗೆ ಹಣವೂ ಬಂತು. ಡೆಂಡ್ರಿಯಾನ್‌ನಲ್ಲಿ ಔಷಧ ಹತ್ತಿದರೂ ಎಲ್ಲ ಹೋಯಿತು. ಇದರಿಂದ ನೀವು ಯಾವ ಸೂತ್ರ ಬರೆಯುತ್ತೀರಿ, ಬರೆಯಿರಿ.

"ಅರ್ಧಕ್ಕರ್ಧ ಬಿತ್ತು, ಸರ್ಕ್ಯೂಟ್ ಯಾಕೆ ಹಾಕಲಿಲ್ಲ" ಅಂತ ಇನ್ನೊಬ್ಬರು ಕೇಳಿದ್ದರು. ನಮ್ಮಲ್ಲಿ ಹೆಚ್ಚಿನ ಷೇರುಗಳಿಗೆ ದಿನಕ್ಕೆ ಶೇ. 2, 5, 10 ಅಥವಾ 20ರ ಮಿತಿ ಇರುತ್ತದೆ, ಅದೇ ಸರ್ಕ್ಯೂಟ್. ಅಮೆರಿಕದಲ್ಲಿ ಹಾಗೆ ದಿನದ ಮಿತಿ ಇಲ್ಲ. ತುಂಬ ಜಿಗಿದಾಡಿದರೆ ಕೆಲವು ನಿಮಿಷ ವ್ಯವಹಾರ ನಿಲ್ಲಿಸುತ್ತಾರೆ, ಅಷ್ಟೇ. ಅಲ್ಲಿ ಮಾರ್ಕೆಟ್ ತೆರೆಯುವುದು ನಮ್ಮ ಸಂಜೆ 7 ಅಥವಾ 8ಕ್ಕೆ. ರಿಸಲ್ಟ್ ಅದಕ್ಕೂ ಮೊದಲೇ ಬಂದಿರುತ್ತದೆ. ನೀವು ಊಟಕ್ಕೆ ಕೂರುವಷ್ಟರಲ್ಲಿ ಷೇರು ಬಿದ್ದ ಜಾಗದಿಂದಲೇ ಶುರುವಾಗಿರುತ್ತದೆ. ಇಷ್ಟಕ್ಕಿಂತ ಇಳಿದರೆ ಮಾರಿಬಿಡಿ ಅಂತ ಮೊದಲೇ ಸ್ಟಾಪ್ ಲಾಸ್ ಹಾಕಿದ್ದರೂ ನೀವು ಬರೆದ ಬೆಲೆ ಸಿಗುವುದಿಲ್ಲ, ಸಿಕ್ಕಿದ ಬೆಲೆಗೆ ಹೋಗುತ್ತದೆ.

"ಅದೆಲ್ಲ ಬೇಡ ಸರ, ನಮ್ಮ ದೇಶದ್ದೇ ತಗೋತೀವಿ" ಅನ್ನುವವರಿಗೆ ಬೇಗ ಹೇಳಿಬಿಡುತ್ತೇನೆ. ರೋಗಿಯದೇ ಬಿಳಿ ರಕ್ತಕಣಗಳನ್ನು ಕ್ಯಾನ್ಸರ್ ವಿರುದ್ಧ ಮಾರ್ಪಡಿಸಿ ವಾಪಸ್ ಏರಿಸುವುದಕ್ಕೆ ಕಾರ್-ಟಿ ಅನ್ನುತ್ತಾರೆ. ಭಾರತದ ಮೊದಲ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19. ಮುಂಬೈ ಐಐಟಿಯಲ್ಲಿ ಹುಟ್ಟಿದ ಇಮ್ಯುನೊಆ್ಯಕ್ಟ್ ಕಂಪನಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜೊತೆ ಸೇರಿ ಮಾಡಿದ್ದು. 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಬಿಡುಗಡೆ ಮಾಡಿದರು. ಆದರೆ ಹೆಮ್ಮೆ ಪಟ್ಟ ತಕ್ಷಣ ಷೇರು ಕೊಳ್ಳಲು ಆಗಲಿಲ್ಲ, ಅದು ಮಾರ್ಕೆಟ್‌ನಲ್ಲಿ ಇರಲೇ ಇಲ್ಲ. ಮಾರ್ಕೆಟ್‌ನಲ್ಲಿರುವ ಲಾರಸ್ ಲ್ಯಾಬ್ಸ್ ಕಂಪನಿ ಅದರಲ್ಲಿ ಪಾಲು ತೆಗೆದುಕೊಂಡಿದೆ ನಿಜ, ಆದರೆ ಲಾರಸ್‌ನ ಸಂಸಾರ ನಡೆಯುವುದು ಬೇರೆ ಔಷಧಗಳಿಂದ. ಇಂಥದೇ ಚಿಕಿತ್ಸೆ ಮಾಡುವ ಬೆಂಗಳೂರಿನ ಇಮ್ಯುನೀಲ್ ಕಂಪನಿಯನ್ನು ಕಟ್ಟಿದವರಲ್ಲಿ ಕಿರಣ್ ಮಜುಂದಾರ್ ಶಾ ಒಬ್ಬರು. ಹಾಗಂತ ಅವರದೇ ಬಯೋಕಾನ್ ಷೇರು ಕೊಂಡರೆ ಇಮ್ಯುನೀಲ್ ಕೊಂಡ ಹಾಗಲ್ಲ. ಅಣ್ಣನ ಮನೆಗೆ ಬಾಡಿಗೆ ಕೊಟ್ಟು ತಮ್ಮನ ಮನೆಯಲ್ಲಿ ಇರಲು ಆಗುತ್ತದೆಯೇ?

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾಸ್ತರಗ ಎಲ್ಲ ಗೊತ್ತು ಅಂದುಕೊಳ್ಳುತ್ತೀರಿ. ಒಮ್ಮೆ ಸ್ಟಾಫ್ ರೂಮಿನಲ್ಲಿ ಪೇಪರ್ ನೋಡಿದೆ. "ಕ್ಯಾನ್ಸರ್ ಔಷಧಕ್ಕೆ ಅಮೆರಿಕದ ಒಪ್ಪಿಗೆ." ನಮ್ಮದೇ ದೇಶದ ಒಂದು ಕಂಪನಿ. ಮಧ್ಯಾಹ್ನದ ಪೀರಿಯಡ್‌ಗೆ ಮೊದಲೇ ಕೊಪ್ಪಿಕರ ರಸ್ತೆಯ ಬ್ರೋಕರ್‌ಗೆ ಫೋನ್ ಮಾಡಿ ತಗೊಂಡೆ. ಸಂಜೆ ಸುದ್ದಿ ಪೂರ್ತಿ ಓದಿದೆ. ಪಾಸಾಗಿದ್ದು ಹೊಸ ಔಷಧವೇ ಅಲ್ಲ. ಪೇಟೆಂಟ್ ಮುಗಿದ ಹಳೆಯ ಔಷಧದ ನಕಲು. ಅದೇ ನಕಲಿಗೆ ಇನ್ನೂ ಹಲವರಿಗೆ ಆಗಲೇ ಒಪ್ಪಿಗೆ ಇತ್ತು. ಜೀವಶಾಸ್ತ್ರದ ಮಾಸ್ತರ ನಾನು! ಮನೆಯಲ್ಲಿ ಎಷ್ಟೋ ದಿನ ಹೇಳಲೇ ಇಲ್ಲ. ಅಂದಿನಿಂದ ತಲೆಬರಹದಲ್ಲಿ "ಒಪ್ಪಿಗೆ" ಅಂತ ಕಂಡರೆ, ಹೊಸ ಔಷಧಕ್ಕೋ ನಕಲಿಗೋ ಅಂತ ಮೊದಲು ನೋಡುತ್ತೇನೆ.

ಟ್ರಯಲ್ ಸುದ್ದಿಯಲ್ಲಿ ನಾನು ಹುಡುಕುವುದು ಇನ್ನೊಂದೇ ಒಂದು ಸಂಖ್ಯೆ: ಎಷ್ಟು ರೋಗಿಗಳು? 2022ರ ಜೂನ್‌ನಲ್ಲಿ "ಕ್ಯಾನ್ಸರ್ ನೂರಕ್ಕೆ ನೂರು ವಾಸಿ" ಅಂತ ವಾಟ್ಸಾಪ್ ತುಂಬ ಓಡಾಡಿತ್ತಲ್ಲ, ಅದು ಡೊಸ್ಟಾರ್ಲಿಮಾಬ್. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ರೋಗಿಗಳು 12 ಜನ. ಎಲ್ಲರಿಗೂ ಗುದನಾಳದ ಕ್ಯಾನ್ಸರ್, ಅದರಲ್ಲೂ ಒಂದು ವಿಶೇಷ ಬಗೆಯ ಜೀನ್ ದೋಷ ಇದ್ದವರು. ನೂರು ಜನ ಗುದನಾಳದ ಕ್ಯಾನ್ಸರ್ ರೋಗಿಗಳಲ್ಲಿ ಆ ದೋಷ ಇರುವವರು 5ರಿಂದ 10 ಜನ. ಕ್ಯಾನ್ಸರ್ ಅನ್ನೋದು ಒಂದು ರೋಗದ ಹೆಸರಲ್ಲ, ಒಂದು ಊರಿನ ಹೆಸರು. ಓಣಿ, ಮನೆ ನಂಬರ್ ಕೇಳದೆ ಕಾಗದ ತಲುಪುವುದಿಲ್ಲ.

ಗಿರ್ಮಿಟ್ ಗಾಡಿಯ ಹತ್ತಿರ ಇಷ್ಟೂ ಕೇಳಿಸಿಕೊಂಡ ಹುಡುಗ ಹೋಗಲಿಲ್ಲ. ಮೊಬೈಲ್ ಜೇಬಿಗೆ ಹಾಕಿದ. ಆಮೇಲೆ ಮೆಲ್ಲಗೆ, "ಸರ, ನಮ್ಮ ಚಿಗವ್ವಗ ಬಾಯಿ ಕ್ಯಾನ್ಸರ್ ಐತ್ರಿ. ನವನಗರದ ದವಾಖಾನ್ಯಾಗ ತೋರಸಾಕತ್ತೀವಿ. ಈ ಕಾರ್-ಟಿ ಅಕಿಗೆ ನಡೀತದೇನ್ರಿ?" ಅಂದ.

ಷೇರಿನ ಪ್ರಶ್ನೆಯ ಕೆಳಗೆ ಈ ಪ್ರಶ್ನೆ ಇರುತ್ತದೆ ಅಂತ ನನಗೆ ಈಚೆಗೆ ಗೊತ್ತಾಗತೊಡಗಿದೆ. ನಡೆಯುವುದಿಲ್ಲ ಅಂತ ಹೇಳಿದೆ. ನೆಕ್ಸ್‌ಕಾರ್19ಕ್ಕೆ ಒಪ್ಪಿಗೆ ಇರುವುದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ, ಅದೂ ಬೇರೆ ಚಿಕಿತ್ಸೆ ಹತ್ತದಿದ್ದಾಗ. ಖರ್ಚೂ ಹತ್ತಾರು ಲಕ್ಷ. ಆದರೆ ಬಾಯಿ ಕ್ಯಾನ್ಸರಿಗೆ ಬೇರೆ ಟ್ರಯಲ್‌ಗಳು ನಡೆಯುತ್ತಿರುತ್ತವೆ. ನಮ್ಮ ದೇಶದಲ್ಲಿ ನಡೆಯುವ ಔಷಧ ಟ್ರಯಲ್‌ಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸಲೇಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಯಾವ ರೋಗ, ಯಾವ ಊರು, ಯಾವ ಆಸ್ಪತ್ರೆ ಅಂತ. ಪರೀಕ್ಷೆಗೆ ಇಟ್ಟ ಔಷಧಕ್ಕೆ ರೋಗಿಯಿಂದ ಹಣ ಕೇಳುವುದಿಲ್ಲ. ರೋಗಿ ಸಹಿ ಮಾಡುವ ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ಚಿಗವ್ವನಿಗೆ ಕನ್ನಡದಲ್ಲಿ. ಬೇಡ ಅನಿಸಿದರೆ ನಡುವೆ ಯಾವಾಗ ಬೇಕಾದರೂ ಬಿಡಬಹುದು. ಯಾರಾದರೂ "ಟ್ರಯಲ್‌ಗೆ ಸೇರಿಸ್ತೀನಿ, ಇಷ್ಟು ಲಕ್ಷ ಕೊಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಮೊದಲು ಈಗ ನೋಡುತ್ತಿರುವ ಡಾಕ್ಟರನ್ನೇ ಕೇಳಿ, ಅವರಿಗೆ ಚಿಗವ್ವನ ಫೈಲ್ ಗೊತ್ತಿರುತ್ತದೆ.

"ಏನಂದ್ರಿ ಸರ, ಸಿಟಿ...?" ಅಂದ. ಪೆನ್ ನನ್ನ ಜೇಬಿನಲ್ಲಿತ್ತು, ಮಾಸ್ತರಿಕೆಯ ಚಟ. ಗಿರ್ಮಿಟ್ ಕೊಟ್ಟಿದ್ದ ಪೇಪರಿನ ಎಣ್ಣೆ ಹತ್ತದ ಮೂಲೆ ಹರಿದು ನಾಲ್ಕು ಅಕ್ಷರ ಬರೆಸಿದೆ. ಮಡಚಿ ಮೊಬೈಲ್ ಕವರಿನ ಒಳಗೆ ಇಟ್ಟುಕೊಂಡ. ಷೇರಿನ ವಿಷಯ ಮತ್ತೆ ಎತ್ತಲಿಲ್ಲ.