ಕಾಲಡಿಯಲ್ಲೇ ಇದ್ದ ಶತ್ರು

ಕರಾವಳಿಯವರಿಗೆ ಮುರಕಲ್ಲು ಗೊತ್ತು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿ, ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದರೊಳಗಿನ ಕಬ್ಬಿಣದ ಅಂಶದ ಕರಾಮತ್ತು ಅದು. ವಿಯೆಟ್ನಾಮಿನ ಕೂ ಚಿ ಪ್ರದೇಶದ ಜೇಡಿಮಣ್ಣು ಇದರ ದಾಯಾದಿ. ಮಳೆಗಾಲದಲ್ಲಿ ಅಗೆಯಲು ಸಲೀಸು, ಒಣಗಿದರೆ ಇಟ್ಟಿಗೆ.

ಕೂ ಚಿ ಇರುವುದು ಸೈಗಾನಿನ (ಈಗಿನ ಹೋ ಚಿ ಮಿನ್ ನಗರ) ವಾಯವ್ಯಕ್ಕೆ, ಸುಮಾರು 40 ಕಿ.ಮೀ. ದೂರದಲ್ಲಿ. ಆಗ ವಿಯೆಟ್ನಾಮನ್ನು ಆಳುತ್ತಿದ್ದ ಫ್ರೆಂಚರ ಕಣ್ಣು ತಪ್ಪಿಸಲು 1940ರ ದಶಕದ ಕೊನೆಯಲ್ಲಿ ಹಳ್ಳಿಯವರು ಅಲ್ಲಿ ಸುರಂಗ ತೋಡತೊಡಗಿದರು. ಕೈಯಲ್ಲಿದ್ದದ್ದು ಗುದ್ದಲಿ, ಬಿದಿರಿನ ಬುಟ್ಟಿ, ಅಷ್ಟೇ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕನ್ನರು ಬರುವ ಹೊತ್ತಿಗೆ ಅದು ಬೆಳೆದು ದೊಡ್ಡ ಜಾಲವಾಗಿತ್ತು. ಕೊನೆಗೆ ಅದರ ಉದ್ದ 250 ಕಿ.ಮೀ. ಮುಟ್ಟಿತು ಎನ್ನುತ್ತಾರೆ. ಮಲಗುವ ಜಾಗ, ಆಸ್ಪತ್ರೆ, ಮದ್ದುಗುಂಡಿನ ಉಗ್ರಾಣ ಎಲ್ಲಾ ನೆಲದಡಿಯಲ್ಲೇ.

1966ರ ಜನವರಿಯಲ್ಲಿ ಸುಮಾರು 8,000 ಅಮೆರಿಕನ್ ಮತ್ತು ಆಸ್ಟ್ರೇಲಿಯನ್ ಸೈನಿಕರು ಆ ಪ್ರದೇಶವನ್ನು ಜಾಲಾಡಿದರು. ಸುರಂಗದಲ್ಲಿ ಅಡಗಿದ್ದ ಕಮ್ಯುನಿಸ್ಟ್ ಗೆರಿಲ್ಲಾಗಳ ಬೆನ್ನು ಮುರಿಯಲಾಗಲಿಲ್ಲ. ಅದೇ ವರ್ಷ ಅಮೆರಿಕದ 25ನೇ ಪದಾತಿ ಡಿವಿಷನ್ ಕೂ ಚಿಯಲ್ಲೇ ದೊಡ್ಡ ಶಿಬಿರ ಹಾಕಿತು, ಸುರಂಗಗಳ ನೆತ್ತಿಯ ಮೇಲೆಯೇ ಅನ್ನಬೇಕು!

ಅಡುಗೆಯ ಹೊಗೆ ಕಂಡರೆ ವಿಮಾನದಿಂದ ಬಾಂಬ್ ಬೀಳುತ್ತದೆ. ಅದಕ್ಕೇ ಒಲೆಯ ಹೊಗೆಯನ್ನು ಮಣ್ಣು ಮುಚ್ಚಿದ ಉದ್ದನೆಯ ಕಾಲುವೆಗಳಲ್ಲಿ ಹರಿಸುತ್ತಿದ್ದರು. ದಾರಿಯಲ್ಲಿ ಹೊಗೆ ತಣ್ಣಗಾಗುತ್ತದೆ, ತಣ್ಣಗಾದದ್ದು ಮೇಲೇರುವುದಿಲ್ಲ. ದೂರದಲ್ಲೆಲ್ಲೋ ನೆಲಕ್ಕೆ ಅಂಟಿಕೊಂಡೇ ಸೋರಿ ಬೆಳಗಿನ ಮಂಜಿನಲ್ಲಿ ಕರಗಿಹೋಗುತ್ತದೆ. ವಿಷಾನಿಲಕ್ಕೂ ಉಪಾಯವಿತ್ತು. ಕಕ್ಕಸಿನ ಪೈಪು ಬಾಗಿಸಿ ನೀರು ನಿಲ್ಲಿಸುತ್ತೇವಲ್ವಾ, ನಾತ ಮೇಲೆ ಬರದ ಹಾಗೆ? ಸುರಂಗದ ತಗ್ಗಿನಲ್ಲೂ ಹಾಗೇ ನೀರು ನಿಲ್ಲಿಸಿದ್ದರು. ಅನಿಲ ಅಲ್ಲೇ ನಿಲ್ಲುತ್ತದೆ. ಮನುಷ್ಯ ಉಸಿರು ಕಟ್ಟಿ ಮುಳುಗಿ ಆಚೆ ಏಳಬಹುದು.

ಆದರೆ ಸುರಂಗದ ನಿಜವಾದ ಬಲ ಗಣಿತದಲ್ಲಿತ್ತು ಅಂತ ನನಗನ್ನಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಒಂದು ಲೆಕ್ಕ ಹಾಕಿದ್ದ. ಬಯಲಿನಲ್ಲಿ ಪರಸ್ಪರ ಗುರಿಯಿಟ್ಟು ಹೊಡೆದಾಡಿದರೆ ಸೇನೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ಅಂದರೆ ಎರಡು ಪಟ್ಟು ಜನರಿದ್ದರೆ ನಾಲ್ಕು ಪಟ್ಟು ಬಲ. ಒಬ್ಬೊಬ್ಬರಾಗಿ ಸೆಣಸಿದರೆ ಮಾತ್ರ ಆ ಲಾಭ ಸಿಗುವುದಿಲ್ಲ. ಒಂದು ಮೀಟರ್ ಅಗಲವೂ ಇಲ್ಲದ ಬಿಲದಲ್ಲಿ ಆಗುವುದು ಇದೇ. ಮೇಲೆ ಹೆಲಿಕಾಪ್ಟರು, ಟ್ಯಾಂಕು, ಸಾವಿರಾರು ಜನ. ಒಳಗೆ ತೆವಳುವವನು ಒಬ್ಬನೇ ಸಣಕಲ ಸೈನಿಕ, ಕೈಯಲ್ಲಿ ಟಾರ್ಚು, ಪಿಸ್ತೂಲು. ಇಂಥವರಿಗೆ 'ಸುರಂಗದ ಇಲಿಗಳು' ಎಂಬ ಅಡ್ಡಹೆಸರೇ ಬಿದ್ದಿತ್ತು. ಉಳಿದವರು ಬಾಯಿ ಹತ್ತಿರ ಕಾಯಬೇಕು.

ಹಾಗಂತ ಒಳಗಿದ್ದವರದು ಸುಖದ ಬಾಳೇನಲ್ಲ. ಮಲೇರಿಯಾ, ಹೊಟ್ಟೆಹುಳ, ಉಸಿರುಗಟ್ಟುವ ಸೆಕೆ. ಮುಂದೆ ಬಿ-52 ವಿಮಾನಗಳ ಬಾಂಬುಗಳು ಅನೇಕ ಸುರಂಗಗಳನ್ನು ಕುಸಿಯುವಂತೆ ಮಾಡಿದವು. ಸತ್ತವರು ಸಾವಿರಾರು. ಸಿನಿಮಾದಲ್ಲಿ ತೋರಿಸುವ ಹಾಗೆ ಜಾಣತನವೊಂದರಿಂದಲೇ ಗೆದ್ದ ಕಥೆ ಇದಲ್ಲ.

ಈಗ ಕೂ ಚಿ ಪ್ರವಾಸಿ ತಾಣ. ಟಿಕೆಟ್ ಕೊಂಡು ಒಳಗಿಳಿಯಬಹುದು. ಕೆಲವು ಸುರಂಗಗಳನ್ನು ಒಂದಿಷ್ಟು ಅಗಲ ಮಾಡಿದ್ದಾರೆ, ದಪ್ಪಗಿನ ವಿದೇಶಿಯರು ಸಿಕ್ಕಿಹಾಕಿಕೊಳ್ಳದಿರಲಿ ಅಂತ.