ಹೊಟ್ಟೆಯ ಮೇಲಿನ ಗೀಟು, ಗರ್ಭಕೋಶದ ಮೇಲಿನ ಗೀಟು

ತಂಗಿ ಎರಡನೇ ಸಲ ಬಸುರಿಯಾದಾಗ ಅವಳ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಮೊದಲನೆಯದು ಸಿಸೇರಿಯನ್ ಅಂದ ಕೂಡಲೇ ಡಾಕ್ಟರ್ ಕೇಳಿದರು, "ಹೇಗೆ ಕುಯ್ದಿದ್ದಾರೆ?" ತಂಗಿ, "ಅಡ್ಡ ಹೊಲಿಗೆ ಮೇಡಂ, ಕೆಳಗಡೆ ಇದೆ" ಅಂದಳು. "ಅದು ಚರ್ಮದ್ದಮ್ಮ. ನನಗೆ ಗೊತ್ತಾಗಬೇಕಿರೋದು ಗರ್ಭಕೋಶದ್ದು. ಹಳೇ ಡಿಸ್ಚಾರ್ಜ್ ಚೀಟಿ ತಗೊಂಡು ಬನ್ನಿ."

ಸಿಸೇರಿಯನ್‌ನಲ್ಲಿ ಹೊಟ್ಟೆಯ ಮೇಲೊಂದು ಗಾಯ, ಗರ್ಭಕೋಶದ ಮೇಲೊಂದು ಗಾಯ. ಎರಡೂ ಒಂದೇ ದಿಕ್ಕಿನಲ್ಲಿ ಇರಬೇಕೆಂದೇನಿಲ್ಲ. ಮೇಲೆ ಅಡ್ಡ ಇದ್ದು ಒಳಗೆ ಉದ್ದ ಇರಬಹುದು, ಮೇಲೆ ಉದ್ದ ಇದ್ದು ಒಳಗೆ ಅಡ್ಡ ಇರಬಹುದು. ಮುಂದಿನ ಹೆರಿಗೆಯ ಲೆಕ್ಕಾಚಾರ ನಿಂತಿರುವುದು ಒಳಗಿನದ್ದರ ಮೇಲೆ.

19ನೇ ಶತಮಾನದಲ್ಲಿ ಗರ್ಭಕೋಶವನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಕುಯ್ಯುತ್ತಿದ್ದರು. ಮಗು ತೆಗೆದ ಮೇಲೆ ಎಷ್ಟೋ ಡಾಕ್ಟರುಗಳು ಅದನ್ನು ಹೊಲಿಯುತ್ತಲೇ ಇರಲಿಲ್ಲ! ಗರ್ಭಕೋಶ ತಾನಾಗಿ ಕುಗ್ಗಿ ಮುಚ್ಚಿಕೊಳ್ಳುತ್ತದೆ, ಒಳಗೆ ಹಾಕಿದ ಹೊಲಿಗೆಯನ್ನು ಆಮೇಲೆ ಬಿಚ್ಚಲು ಆಗುವುದಿಲ್ಲ ಎಂಬ ನಂಬಿಕೆ. ರಕ್ತ ಸುರಿದು, ಕೀವಾಗಿ ತಾಯಂದಿರು ಸಾಯುತ್ತಿದ್ದರು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎದುವಾರ್ದೋ ಪೊರ್ರೋ ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನೇ ತೆಗೆದುಹಾಕಿದ. ತಾಯಿ, ಮಗು ಇಬ್ಬರೂ ಬದುಕಿದರು. ಆದರೆ ಇನ್ನೊಂದು ಮಗುವಿನ ಆಸೆ ಅಲ್ಲಿಗೇ ಮುಗಿಯಿತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶವನ್ನು ಒಳಗೇ ಬಿಟ್ಟು ಗಟ್ಟಿಯಾಗಿ ಹೊಲಿಯಬೇಕು, ಅದಕ್ಕೆ ಬೆಳ್ಳಿ ತಂತಿ ಬಳಸಬಹುದು ಎಂದು ಬರೆದ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದೇ.

ಅದಕ್ಕೆ ಒಂದು ವರ್ಷ ಮೊದಲು, 1881ರ ಸೆಪ್ಟೆಂಬರ್‌ನಲ್ಲಿ, ಹೈಡಲ್‌ಬರ್ಗ್ ಹತ್ತಿರದ ಮೆಕೆಸ್‌ಹೈಮ್ ಎಂಬ ಹಳ್ಳಿಯಲ್ಲಿ ಫರ್ಡಿನಾಂಡ್ ಕೇರರ್ ಗರ್ಭಕೋಶವನ್ನು ಕೆಳಭಾಗದಲ್ಲಿ ಅಡ್ಡಕ್ಕೆ ಕುಯ್ದಿದ್ದ. ಅಲ್ಲಿ ಗೋಡೆ ತೆಳು, ರಕ್ತ ಕಡಿಮೆ. ಹೊಲಿದ ಮೇಲೆ ಮೂತ್ರಕೋಶದ ಕಡೆಯ ಪೊರೆಯನ್ನು ಎಳೆದು ಗಾಯದ ಮೇಲೆ ಹೊದಿಸಬಹುದು. ಅಲ್ಲಿಯೂ ತಾಯಿ, ಮಗು ಉಳಿದರು. ಆದರೂ ಈ ದಾರಿಯನ್ನು ಹೆಚ್ಚು ಜನ ಹಿಡಿಯಲಿಲ್ಲ. ಸುಮಾರು 40 ವರ್ಷ ಕಳೆದ ಮೇಲೆ, 1920ರ ದಶಕದಲ್ಲಿ, ಗ್ಲಾಸ್ಗೋದ ಮನ್ರೋ ಕೆರ್ ಪಟ್ಟು ಹಿಡಿದು ಇದರ ಪರ ಬರೆದ ನಂತರವೇ ಅದು ಬಳಕೆಗೆ ಬಂತು. ಇಂದು ನಮ್ಮ ಚೀಟಿಗಳಲ್ಲಿ ಕಾಣುವ ಎಲ್‌ಎಸ್‌ಸಿಎಸ್ ಎಂಬ ಅಕ್ಷರಗಳಿಗೆ ಗರ್ಭಕೋಶದ ಕೆಳಭಾಗದಲ್ಲಿ ಕುಯ್ದ ಸಿಸೇರಿಯನ್ ಎಂದೇ ಅರ್ಥ.

ಗರ್ಭಕೋಶದ ಮೇಲ್ಭಾಗ ದಪ್ಪ ಸ್ನಾಯು. ಹೆರಿಗೆ ನೋವಿನಲ್ಲಿ ಜೋರಾಗಿ ಬಿಗಿಯುವುದು ಅದೇ. ಹಳೇ ಗಾಯ ಅಲ್ಲಿದ್ದರೆ ಮುಂದಿನ ಹೆರಿಗೆ ನೋವಿನಲ್ಲಿ ಹರಿದುಹೋಗುವ ಅಪಾಯ ನೂರಕ್ಕೆ 4ರಿಂದ 9. ಕೆಳಗಿನ ಅಡ್ಡ ಗಾಯಕ್ಕೆ ಅದು ಒಂದಕ್ಕಿಂತ ಕಡಿಮೆ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ 'ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್' ಎಂದು ಬರೆದದ್ದು ಉದ್ದ ಗಾಯಗಳೇ ಜಾಸ್ತಿ ಇದ್ದ ಕಾಲದಲ್ಲಿ. ಮೊದಲ ಸಿಸೇರಿಯನ್ ಅನ್ನೇ ಸುಲಭಕ್ಕೆ ಮಾಡಬೇಡಿ ಎಂದು ಎಚ್ಚರಿಸುವುದು ಅವನ ಉದ್ದೇಶವಾಗಿತ್ತು. ಗಾಯದ ಜಾಗ ಬದಲಾಯಿತು, ಮಾತು ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ, ಅಲ್ವಾ?

ಹಾಗಂತ ಒಳಗಿನ ಉದ್ದ ಕುಯ್ತ ತಪ್ಪಲ್ಲ. ದಿನ ತುಂಬುವ ಮೊದಲೇ ಮಗು ತೆಗೆಯಬೇಕಾದಾಗ ಕೆಳಭಾಗ ಇನ್ನೂ ಸರಿಯಾಗಿ ಹಿಗ್ಗಿರುವುದಿಲ್ಲ. ಮಗು ಅಡ್ಡ ಮಲಗಿರಬಹುದು, ದೊಡ್ಡ ಗಡ್ಡೆ ದಾರಿಗೆ ಅಡ್ಡ ಇರಬಹುದು. ಆಗ ಅದೇ ಸರಿಯಾದ ದಾರಿ.

ಚರ್ಮದ ಕಥೆ ಇಷ್ಟು ಭಾರವಾದದ್ದಲ್ಲ. ಹೊಕ್ಕುಳಿನ ಕೆಳಗಿಂದ ಉದ್ದಕ್ಕೆ ಕುಯ್ದರೆ ಬೇಗ ಒಳಗೆ ಹೋಗಬಹುದು, ಬೇಕಾದರೆ ಮೇಲಕ್ಕೆ ಹಿಗ್ಗಿಸಬಹುದು. ಆದರೆ ನೋವು ಜಾಸ್ತಿ, ಮುಂದೆ ಹರ್ನಿಯಾ ಆಗುವ ಸಾಧ್ಯತೆಯೂ ಜಾಸ್ತಿ. 1900ರಲ್ಲಿ ಜರ್ಮನಿಯ ಫಾನೆನ್‌ಸ್ಟೀಲ್, ಹೊಟ್ಟೆಯ ಬುಡದಲ್ಲಿ ಸ್ವಲ್ಪ ಬಾಗಿದ ಅಡ್ಡ ಗೀಟನ್ನು ವಿವರಿಸಿದ. ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಎಷ್ಟೋ ಕೆಳಗೆ, ಕಂಡೂ ಕಾಣದ ಹಾಗೆ. ಆಮೇಲೆ ಜೋಯಲ್-ಕೋಹೆನ್ ಎಂಬ ವೈದ್ಯರು ಅದಕ್ಕಿಂತ ತುಸು ಮೇಲೆ ನೇರ ಗೀಟು ಎಳೆದರು. ನಡುವೆ ಸ್ವಲ್ಪ ಮಾತ್ರ ಕುಯ್ದು, ಉಳಿದದ್ದನ್ನು ಬೆರಳಿಂದ ಎಳೆದು ಅಗಲಿಸುವ ಕ್ರಮ ಅದು. ಜೆರುಸಲೇಮಿನ ಮಿಸ್ಗಾವ್ ಲಡಾಕ್ ಆಸ್ಪತ್ರೆಯ ಮೈಕಲ್ ಸ್ಟಾರ್ಕ್ ಅದನ್ನು ಸಿಸೇರಿಯನ್‌ಗೆ ಒಗ್ಗಿಸಿದರು. ಹೋಲಿಸಿ ನೋಡಿದಾಗ ಈ ಕ್ರಮದಲ್ಲಿ ಆಪರೇಷನ್ ಬೇಗ ಮುಗಿಯುತ್ತದೆ, ಜ್ವರವೂ ಕಡಿಮೆ ಎಂದು ಕಂಡುಬಂತು. ಕತ್ತರಿಯೋ ಬೆರಳೋ, ಒಂದು ಪದರ ಹೊಲಿಗೆಯೋ ಎರಡೋ ಎಂದು ಭಾರತವೂ ಸೇರಿ 7 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿದ ಕೊರೋನಿಸ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರದ ವಾರಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಕರ್ನಾಟಕದಲ್ಲಿ ನೂರಕ್ಕೆ 23.6 ಇದ್ದ ಸಿಸೇರಿಯನ್, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ 31.5 ಆಗಿತ್ತು. ಅಷ್ಟೂ ಮನೆಗಳಲ್ಲಿ ಒಂದೊಂದು ಡಿಸ್ಚಾರ್ಜ್ ಚೀಟಿ ಇರಬೇಕು. ತಾಯಿ ಕಾರ್ಡ್ ಜೊತೆಗೇ ಅದನ್ನೂ ಇಡಿ. ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಕೇಸ್ ಶೀಟ್ ಪ್ರತಿ ಕೇಳಿ.

ತಂಗಿಯದ್ದು ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಗುವಿನ ಲಸಿಕೆ ಕಾರ್ಡಿನ ಹಿಂದೆ ಸಿಕ್ಕಿತು. ಶಾಯಿ ಮಾಸಿತ್ತು. 'ಎಲ್‌ಎಸ್‌ಸಿಎಸ್' ಎಂಬುದನ್ನು ಮಾತ್ರ ಓದಬಹುದಿತ್ತು.